ನಾದುವ ರೆಕ್ಕೆ

ಬ್ರೆಡ್ ಯಂತ್ರದ ಮುಚ್ಚಳ ತೆರೆದಾಗ ತೊಮೊಯೆಗೆ ಕಂಡದ್ದು ಬ್ರೆಡ್ಡಲ್ಲ. ಪಾತ್ರೆಯ ಮೂಲೆಗಳಲ್ಲಿ ಒಣಹಿಟ್ಟು ರಾತ್ರಿ ಹಾಕಿದ ಹಾಗೆಯೇ ಕೂತಿತ್ತು. ನಡುವೆ ನೀರು ಹೀರಿದಷ್ಟು ಭಾಗ ಬೆಂದು, ಕಲ್ಲಿನಂತೆ ಗಟ್ಟಿಯಾಗಿ, ಬಿರುಕು ಬಿಟ್ಟಿತ್ತು. ಅವಳು ಅದನ್ನು ಚಮಚದಿಂದ ಕೆತ್ತಿ ತೆಗೆದು, ತಳದಲ್ಲಿ ಹಿಟ್ಟು ನಾದಲು ತಿರುಗುವ ಪುಟ್ಟ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಲು ನೋಡಿದಳು. ಅದು ಅಲುಗಲಿಲ್ಲ.

ಗಡಿಯಾರದಲ್ಲಿ ಆರೂವರೆ. ಕಿಟಕಿಯಾಚೆ ತಕಾವೊಕ ಪಟ್ಟಣದ ಮನೆಗಳ ಮೇಲೆ ಹಿಮ ಬೀಳುತ್ತಲೇ ಇತ್ತು. ಏಳು ಗಂಟೆಗೆ ಸರಿಯಾಗಿ ಓಣಿಯಂಥ ನಡುಮನೆಯ ಕೊನೆಯ ಬಾಗಿಲಿನ ಮುಂದೆ ಎರಡು ತುಂಡು ಬಿಸಿ ಬ್ರೆಡ್ಡು, ಒಂದು ಲೋಟ ಹಾಲು ಇಡಬೇಕಿತ್ತು. ಆರು ತಿಂಗಳಿಂದ ಒಂದು ದಿನವೂ ಅದು ತಪ್ಪಿರಲಿಲ್ಲ.

ಆ ಬಾಗಿಲಿನ ಹಿಂದೆ ಇದ್ದವಳು ಮಗಳು ಚಿನತ್ಸು. ಇಪ್ಪತ್ತಮೂರು ವರ್ಷ. ಮೇ ತಿಂಗಳ ಒಂದು ಸಂಜೆ ಕೆಲಸದಿಂದ ಬಂದವಳು ಚಪ್ಪಲಿಗಳನ್ನು ಜೋಡಿಸಿಟ್ಟು, "ಅಮ್ಮ, ಇನ್ನು ನನ್ನ ಕೈಲಾಗಲ್ಲ" ಎಂದು ಒಳಗೆ ಹೋಗಿ ಜಾರುಬಾಗಿಲು ಎಳೆದುಕೊಂಡಿದ್ದಳು. ಏನಾಯಿತೆಂದು ಕಚೇರಿಯವರಿಗೂ ಗೊತ್ತಿರಲಿಲ್ಲ. ತೊಮೊಯೆ ಮೀನಿನ ಅಂಗಡಿಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಾತ್ರ ಅವಳು ಹೊರಗೆ ಬಂದು ಸ್ನಾನ ಮಾಡಿ ಹೋಗುತ್ತಿದ್ದಳು. ಬಚ್ಚಲಿನ ನೆಲ ಒದ್ದೆಯಾಗಿದ್ದರೆ ತಾಯಿಗೆ ಅಂದು ಸಮಾಧಾನ. ಜುಲೈಯಲ್ಲಿ, ದೂರದ ಊರಿನಲ್ಲಿ ಕೆಲಸದಲ್ಲಿದ್ದ ಗಂಡ ನೊರಿಯಾಕಿ ರಜೆಯ ಮೇಲೆ ಬಂದವನು ಬಾಗಿಲು ಬಲವಂತವಾಗಿ ತೆಗೆಸಲು ಹೋಗಿ, ಒಳಗಿನಿಂದ ಬಂದ ಕಿರುಚಾಟಕ್ಕೆ ಬೆದರಿ ಹಿಂದೆ ಸರಿದಿದ್ದ. ಗಂಡಹೆಂಡತಿ ಇಬ್ಬರೂ ಇನ್ನೆಂದೂ ಆ ಬಾಗಿಲಿಗೆ ಕೈ ಹಚ್ಚುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಿದ್ದರು.

ಶುರುವಿನಲ್ಲಿ ಅನ್ನದ ತಟ್ಟೆ ಹಾಗೆಯೇ ವಾಪಸು ಬರುತ್ತಿತ್ತು. ದಿಕ್ಕು ತೋಚದೆ ಒಂದು ದಿನ ತೊಮೊಯೆ ಬೀರುವಿನ ಮೇಲಿದ್ದ ಬ್ರೆಡ್ ಯಂತ್ರವನ್ನು ಇಳಿಸಿದ್ದಳು. ಹೈಸ್ಕೂಲಿನಲ್ಲಿದ್ದಾಗ ಪೇಟೆಬೀದಿಯ ವರ್ಷಾಂತ್ಯದ ಅದೃಷ್ಟದ ಚೀಟಿಯಲ್ಲಿ ಚಿನತ್ಸು ಗೆದ್ದದ್ದು ಅದು. ಆಗ ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಕೈಪಿಡಿ ನೋಡಿಕೊಂಡು ತಾಯಿ ಮಾಡಿದ ಮೊದಲ ಬ್ರೆಡ್ಡು ಒಂದು ಕಡೆ ಕುಸಿದಿತ್ತು. ಆದರೂ ತಟ್ಟೆ ಖಾಲಿಯಾಗಿ ಬಂತು. ಅಂದಿನಿಂದ ಪ್ರತಿದಿನ ರಾತ್ರಿ ಹಿಟ್ಟು, ನೀರು, ಬೆಣ್ಣೆ, ಉಪ್ಪು, ಸಕ್ಕರೆ, ಯೀಸ್ಟ್ ಹಾಕಿ, ಬೆಳಿಗ್ಗೆಗೆ ಸಮಯ ಗೊತ್ತುಮಾಡಿ ಮಲಗುವುದು.

ಯಂತ್ರ ಕೆಟ್ಟ ಆ ಗುರುವಾರ ಅವಳು ಅಂಗಡಿಯ ಬ್ರೆಡ್ಡನ್ನೇ ಬಿಸಿ ಮಾಡಿ ಇಟ್ಟು ಕೆಲಸಕ್ಕೆ ಹೋದಳು. ಸಂಜೆ ಬಂದಾಗ ಅದು ಇಟ್ಟಲ್ಲೇ ಇತ್ತು. ಹಾಲಿನ ಮೇಲೆ ಕೆನೆ ಕಟ್ಟಿತ್ತು. ಬಚ್ಚಲಿನ ನೆಲ ಒಣಗಿತ್ತು.

ಶುಕ್ರವಾರ ಕೈಯಲ್ಲೇ ಹಿಟ್ಟು ನಾದಿ, ಪುಟ್ಟ ಟೋಸ್ಟರಿನಲ್ಲಿ ಸುಟ್ಟಳು. ಮೇಲೆ ಕರಿಯಾಯಿತು, ಒಳಗೆ ಹಸಿಯುಳಿಯಿತು. ಹಾಗೆಯೇ ಇಟ್ಟಳು. ಪಕ್ಕದಲ್ಲಿ ಗಂಜಿ ಇಟ್ಟಳು, ಚಹಾ ಇಟ್ಟಳು. ಯಾವುದೂ ಒಳಗೆ ಹೋಗಲಿಲ್ಲ. ನೀರು ಕೂಡ.

ವಿದ್ಯುತ್ ಸಾಮಾನಿನ ಅಂಗಡಿಗೆ ಫೋನು ಮಾಡಿದರೆ, "ಆ ಮಾಡೆಲ್ ನಿಂತುಹೋಗಿ ಎಂಟು ವರ್ಷ ಆಯ್ತಮ್ಮ. ಹೊಸದು ಬೇಕಂದ್ರೆ ಹಿಮ ತೆರವಾಗಿ ಲಾರಿ ಬರಬೇಕು. ಮಂಗಳವಾರ ನೋಡೋಣ" ಅಂದರು.

"ಮಂಗಳವಾರದವರೆಗೂ ಕಾಯಕ್ಕಾಗಲ್ಲ."

"ಬ್ರೆಡ್ಡು ತಾನೆ? ಅಲ್ಲಿವರೆಗೂ ಅಂಗಡೀದೇ ತಿನ್ನಿ."

ಶನಿವಾರ ಬೆಳಿಗ್ಗೆ ಬಾಗಿಲ ಮುಂದಿನ ಹಿಮ ಎತ್ತುವಾಗ ಪಕ್ಕದ ಮನೆಯ ಹಮಗುಚಿ ಅಜ್ಜಿ ಸಲಿಕೆಗೆ ಒರಗಿ ನಿಂತು ಕೇಳಿದರು. "ಏನ್ ತೊಮೊಯೆಯವ್ರೆ, ಮೂರು ದಿನದಿಂದ ನಿಮ್ಮನೆ ಬ್ರೆಡ್ ವಾಸನೇನೇ ಇಲ್ಲ? ಆ ವಾಸನೆಗೇ ನಾನು ಏಳ್ತಿದ್ದೆ. ಮಗಳು ಬೇರೆ ಊರಿಗೆ ಹೊರಟ್ಹೋದ್ಲಾ?"

"ಇಲ್ಲ, ಇದ್ದಾಳೆ," ಎಂದಳು ತೊಮೊಯೆ. ಇದ್ದಾಳೆ ಎಂಬ ಮಾತು ಬಾಯಿಂದ ಹೊರಬಿದ್ದ ಕೂಡಲೇ, ಅದು ನಿಜವೋ ಅಲ್ಲವೋ ತನಗೇ ಗೊತ್ತಿಲ್ಲವೆಂದು ಹೊಳೆಯಿತು. ಸಲಿಕೆಯನ್ನು ಹಿಮದಲ್ಲೇ ಬಿಟ್ಟು ಒಳಗೆ ಓಡಿ, ಬಾಗಿಲಿಗೆ ಕಿವಿ ಹಚ್ಚಿದಳು. ಕೆಮ್ಮಿಲ್ಲ. ನೆಲದ ಹಲಗೆ ಕಿರುಗುಟ್ಟುವ ಸದ್ದಿಲ್ಲ. ತನ್ನ ಉಸಿರು ಹಿಡಿದು ಕೇಳಿದಳು.

ಸೆಂದಾಯ್‌ನಲ್ಲಿದ್ದ ಗಂಡನಿಗೆ ಫೋನು ಮಾಡಿದಳು.

"ರೀ, ಮೂರು ದಿನ ಆಯ್ತು, ನೀರೂ ಮುಟ್ಟಿಲ್ಲ."

"ಬಾಗಿಲು ತೆಗಿ."

"ಮಾತು ಕೊಟ್ಟಿದ್ದೀವಲ್ಲ."

"ಮಾತೇನು ಮಾತು! ಒಳಗೆ ಏನಾಗಿದೆಯೋ... ಆಂಬುಲೆನ್ಸಿಗೆ ಹೇಳು. ನಾನು ಹೊರಡ್ತೀನಿ, ರೈಲು ಓಡ್ತಿದ್ಯೋ ಇಲ್ವೋ ಗೊತ್ತಿಲ್ಲ. ತೊಮೊಯೆ, ಉಸಿರಾಡ್ತಿದ್ದಾಳಾ?"

"ಗೊತ್ತಿಲ್ಲ ರೀ."

ಫೋನಿಟ್ಟು ಅವಳು ಆಂಬುಲೆನ್ಸಿಗೆ ಫೋನು ಮಾಡಬೇಕಿತ್ತು. ಬದಲಿಗೆ ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಪಾತ್ರೆಯನ್ನೂ ಇಕ್ಕಳವನ್ನೂ ಎತ್ತಿಕೊಂಡು ಬಂದು, ಮಗಳ ಬಾಗಿಲ ಮುಂದೆ ತಣ್ಣನೆಯ ನೆಲದ ಮೇಲೆ ಕೂತುಬಿಟ್ಟಳು. ಇದು ಸರಿಯಾದರೆ ಮಗಳು ತಿಂದಾಳು ಎಂಬುದೊಂದೇ ಅವಳ ತಲೆಯಲ್ಲಿತ್ತು. ಪಾತ್ರೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಇಕ್ಕಳದಿಂದ ರೆಕ್ಕೆಯನ್ನು ಕಚ್ಚಿ ಎಳೆದಳು. ಇಕ್ಕಳ ಜಾರಿ ಪಾತ್ರೆಯ ಗೋಡೆಗೆ ಗೀರು ಬಿತ್ತು. ಮತ್ತೆ ಎಳೆದಳು. ಬೆರಳು ತರಚಿ ರಕ್ತ ಬಂತು.

"ನೋಡು ಮಗಾ," ಎಂದಳು ಬಾಗಿಲಿಗೆ. "ನಿನ್ನ ಮೆಷೀನು ಹಾಳ್ಮಾಡಿದ್ದು ನಾನೇ. ಮೀನಿನ ತಟ್ಟೆ ಉಜ್ಜೋ ತಂತಿ ನಾರಿನಲ್ಲೇ ಇದನ್ನೂ ಉಜ್ಜಿದೆ. ಒಳಗಿನ ಕರಿ ಬಣ್ಣವೆಲ್ಲ ಎದ್ದಿದೆ. ರೆಕ್ಕೆ ಒಂದಿನಾನೂ ಬಿಚ್ಚಿ ತೊಳೀಲಿಲ್ಲ. ಹಿಟ್ಟು ಹಾಕೋದು, ಬಟನ್ ಒತ್ತೋದು, ಅಷ್ಟೇ. ನಂಗೆ ಯಾವುದನ್ನೂ ನೋಡ್ಕೊಳ್ಳೋಕೆ ಬರಲ್ಲ ಕಣೆ. ನಿನ್ನೂ ಹಾಗೇ... ಏನಾಯ್ತು ಅಂತ ಸರಿಯಾಗಿ ಒಂದ್ಸಲ ಕೇಳ್ಲಿಲ್ಲ."

ಅವಳು ಪಾತ್ರೆಯನ್ನು ಬೋರಲು ಹಾಕಿ ನೆಲಕ್ಕೆ ಕುಟ್ಟಿದಳು. ಒಮ್ಮೆ, ಎರಡು ಸಲ, ಆಮೇಲೆ ಎಣಿಕೆಯಿಲ್ಲದೆ. ಕಣ್ಣೀರು, ಸಿಂಬಳ ಒಂದಾಗಿ ಗದ್ದಕ್ಕೆ ಇಳಿಯಿತು. ಸದ್ದು ಮನೆಯೆಲ್ಲ ತುಂಬಿತು.

"ಹೊಡೀಬೇಡಮ್ಮ."

ತೊಮೊಯೆಯ ಕೈ ಮೇಲೆತ್ತಿದಲ್ಲೇ ನಿಂತಿತು. ಆ ದನಿ ಒಣಗಿ ಒರಟಾಗಿತ್ತು. ಯಾರೋ ಮುದುಕಿಯ ದನಿಯ ಹಾಗಿತ್ತು.

"ಪಾತ್ರೆ ನೆಗ್ಗಿಹೋಗತ್ತೆ," ಎಂದಿತು ಅದು ಬಾಗಿಲಿನ ಹಿಂದಿನಿಂದ, ತೀರ ಹತ್ತಿರದಿಂದ.

ಕೂಗಬೇಕೆನಿಸಿತು. ಬಾಗಿಲು ಸರಿಸಿ ತಬ್ಬಿಕೊಳ್ಳಬೇಕೆನಿಸಿತು. ತೊಮೊಯೆ ಎರಡೂ ಕೈಗಳಿಂದ ಪಾತ್ರೆಯನ್ನೇ ಬಿಗಿಯಾಗಿ ಹಿಡಿದುಕೊಂಡಳು. "ಮತ್ತೆ ಏನು ಮಾಡ್ಲಿ?" ಎಂದಳು, ಆದಷ್ಟು ಸಾಧಾರಣ ದನಿಯಲ್ಲಿ.

"ಬಿಸಿನೀರು ಹಾಕಿ ಬಿಡು. ರೆಕ್ಕೆ ಮುಳುಗೋವಷ್ಟು."

"ಕುದಿಯೋ ನೀರಾ?"

"ಬೇಡ. ಸ್ನಾನದ ನೀರಿನಷ್ಟು."

ಓಡಿ ಹೋಗಿ ಕೆಟಲಿನ ನೀರಿಗೆ ತಣ್ಣೀರು ಬೆರೆಸಿ ತಂದು ಸುರಿದಳು. ಕಾದಳು. ಎಷ್ಟು ಹೊತ್ತು ಎಂದು ಕೇಳಿದಳು. ನೀರು ಆರುವವರೆಗೆ ಎಂದು ಉತ್ತರ ಬಂತು. ಆ ದನಿ ಮತ್ತೆ ನಿಂತುಹೋದೀತೆಂದು ತೊಮೊಯೆಗೆ ಹೆದರಿಕೆಯಾಯಿತು.

"ಹಿಟ್ಟು ಎಷ್ಟು ಗ್ರಾಂ ಹಾಕ್ಬೇಕು?"

"ಇನ್ನೂರೈವತ್ತು."

"ಯೀಸ್ಟು ನೀರಿನ ಜೊತೇಲಾ?"

"ಮೇಲೆ. ಹಿಟ್ಟಿನ ಮೇಲೆ ಗುಳಿ ಮಾಡಿ."

"ಉಪ್ಪು?"

"ಅಮ್ಮ, ಆರು ತಿಂಗಳಿಂದ ದಿನಾ ಮಾಡ್ತಿದ್ದೀಯ. ನಿಂಗೆಲ್ಲ ಗೊತ್ತು."

"ಗೊತ್ತು," ಎಂದಳು ತೊಮೊಯೆ.

"ಮತ್ತೆ ಯಾಕೆ ಕೇಳ್ತೀಯ?"

ತೊಮೊಯೆ ಬಗ್ಗಿ ಪಾತ್ರೆಯೊಳಗೆ ನೋಡಿದಳು. ನೀರು ಬೆಳ್ಳಗಾಗುತ್ತಿತ್ತು.

ನೀರು ಆರುವ ಹೊತ್ತಿಗೆ ಒಳಗಿನಿಂದ ಮಾತು ಬಂತು. "ಗುರುವಾರ ಬೆಳಿಗ್ಗೆ ನಾದೋ ಸದ್ದು ಬರ್ಲಿಲ್ಲ. ಮಾರನೇ ದಿನಾನೂ ಬರ್ಲಿಲ್ಲ. ನೀನೂ ಬಿಟ್ಬಿಟ್ಟೆ ಅನ್ಕೊಂಡೆ."

"ಇಲ್ಲ ಮಗಾ. ಇಲ್ಲ. ಕೆಟ್ಟುಹೋಗಿತ್ತು ಅಷ್ಟೇ."

"ತಳದಲ್ಲಿ ಹೊರಗಡೆ ಒಂದು ತಿರುಪು ಇದೆ. ಒಂದು ಕೈಲಿ ಅದನ್ನ ಹಿಡ್ಕೊ, ಇನ್ನೊಂದು ಕೈಲಿ ರೆಕ್ಕೆ ಆ ಕಡೆ ಈ ಕಡೆ ಅಲ್ಲಾಡಿಸು. ಎಳೀಬೇಡ."

ತೊಮೊಯೆ ನೀರು ಚೆಲ್ಲಿ ಬಂದು ಹೇಳಿದಂತೆಯೇ ಮಾಡಿದಳು. ರೆಕ್ಕೆ ಕೂದಲೆಳೆಯಷ್ಟು ಸರಿಯಿತು. ಇನ್ನಷ್ಟು. ಇದ್ದಕ್ಕಿದ್ದಂತೆ ಕಳಚಿ ಅವಳ ಅಂಗೈಗೆ ಬಂತು. ಇಷ್ಟೇ ಇಷ್ಟು, ಗುಬ್ಬಿಯ ರೆಕ್ಕೆಯಷ್ಟು.

"ಬಂತು ಕಣೆ! ಬಂತು!"

"ಅದರ ತೂತಿನಲ್ಲಿ ಹಿಟ್ಟು ಕಟ್ಕೊಂಡಿರತ್ತೆ. ಪೂರ್ತಿ ತೆಗೀದಿದ್ರೆ ಮತ್ತೆ ಸಿಕ್ಕೊಳ್ಳತ್ತೆ."

ತೊಮೊಯೆ ಬೆಳಕಿಗೆ ಹಿಡಿದು ನೋಡಿದಳು. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. "ನಂಗೆ ಕಾಣಿಸ್ತಿಲ್ಲ," ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

ಬಾಗಿಲು ಅಂಗೈ ಅಗಲದಷ್ಟು ಸರಿಯಿತು. ಒಂದು ಕೈ ಹೊರಗೆ ಬಂತು. ಉಗುರುಗಳು ಉದ್ದ ಬೆಳೆದಿದ್ದವು, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ತೊಮೊಯೆ ಆ ಕೈಯನ್ನು ಹಿಡಿದುಕೊಳ್ಳಲಿಲ್ಲ. ರೆಕ್ಕೆಯನ್ನು ಅದರ ಮೇಲಿಟ್ಟಳು. ಮತ್ತೆ, ಪಕ್ಕದಲ್ಲಿದ್ದ ನೀರಿನ ಲೋಟವನ್ನು ಸಂದಿನ ಬಳಿ ತಳ್ಳಿದಳು. ಕೈ ಎರಡು ಸಲ ಬಂದು ಹೋಯಿತು. ಒಳಗೆ ಗುಟುಕರಿಸುವ ಸದ್ದು, ಆಮೇಲೆ ಸೂಜಿಯಿಂದಲೋ ಹೇರ್‌ಪಿನ್ನಿನಿಂದಲೋ ಕೆರೆಯುವ ಸಣ್ಣ ಸದ್ದು ಕೇಳಿಸಿತು.

ನೊರಿಯಾಕಿಗೆ ಫೋನು ಮಾಡಿ, "ಉಸಿರಾಡ್ತಿದ್ದಾಳೆ" ಎಂದಷ್ಟೇ ಹೇಳಿದಳು. ಆ ಕಡೆ ಅವನು ಅಳುವುದನ್ನು ಕೇಳುತ್ತ ನಿಂತಳು.

ಹನ್ನೊಂದು ಗಂಟೆಯ ಹೊತ್ತಿಗೆ ಶುದ್ಧವಾದ ರೆಕ್ಕೆ ಬಾಗಿಲ ಮುಂದಿನ ನೆಲದ ಹಲಗೆಯ ಮೇಲೆ ಕೂತಿತ್ತು. ತೊಮೊಯೆ ಅದನ್ನು ಪಾತ್ರೆಗೆ ಕೂರಿಸಿ, ನೀರು ಹಾಕಿ, ಹಿಟ್ಟು ತೂಗಿ, ಗುಳಿ ಮಾಡಿ ಯೀಸ್ಟ್ ಹಾಕಿ ಗುಂಡಿ ಒತ್ತಿದಳು. ಒಂದು ಕ್ಷಣ ಗುಂಯ್ ಎಂದ ಯಂತ್ರ, ಮುಗ್ಗರಿಸಿ, ನಾದತೊಡಗಿತು. ಧಪ್, ಧಪ್ ಎಂದು ಹಿಟ್ಟು ಗೋಡೆಗೆ ಬಡಿಯುವ ಸದ್ದು ನಡುಮನೆಗೂ ಹೋಯಿತು. ಮಗಳು ತಿನ್ನುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಮುಟ್ಟದೆ ಉಳಿದಿದ್ದ ಮೂರು ದಿನದ ತಟ್ಟೆಗಳನ್ನು ಎತ್ತಲು ಹೋದಾಗ ನೋಡಿದಳು: ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಒಳಗಿನ ಕಿಟಕಿಯಿಂದ ಹಿಮದ ಬಿಳಿ ಬೆಳಕು ಆ ಸಂದಿಯಲ್ಲಿ ಹಾದು, ಕತ್ತಲೆಯ ನೆಲದ ಮೇಲೆ ಒಂದು ಪಟ್ಟಿಯಾಗಿ ಬಿದ್ದಿತ್ತು. ತೊಮೊಯೆ ತಟ್ಟೆಗಳನ್ನು ಎದೆಗೆ ಅವಚಿಕೊಂಡು, ಆ ಬೆಳಕನ್ನು ತುಳಿಯದ ಹಾಗೆ ಕಾಲು ಅಗಲಿಸಿ ದಾಟಿದಳು.