ಮೂರು ಗುಡ್ಡೆ

ಸಾಫ್ಟ್‌ವೇರ್ ಬರೆಯೋರು ತಡ ಮಾಡಿದರೆ ಅದು ಕಷ್ಟದ ಕೆಲಸ, ಪರೀಕ್ಷೆ ಮಾಡೋರು ತಡ ಮಾಡಿದರೆ ಮೈಗಳ್ಳತನ. ಕಾಕ್ಕನಾಡಿನ ಆ ಗಾಜಿನ ಕಟ್ಟಡದಲ್ಲಿ ನಡೆಯುತ್ತಿದ್ದ ನ್ಯಾಯ ಇದು. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಯಾವ ಔಷಧಿ, ಎಷ್ಟು, ಯಾವಾಗ ಕೊಡಬೇಕು ಅಂತ ನರ್ಸುಗಳಿಗೆ ಹೇಳುವ ಸಾಫ್ಟ್‌ವೇರು. ಅದನ್ನು ಪರೀಕ್ಷೆ ಮಾಡಲು ರಂಜುಷಾಳ ತಂಡಕ್ಕೆ ಹತ್ತು ದಿನ ಅಂತ ಮಾತಾಗಿತ್ತು. ಬರೆಯೋರು ಅದರಲ್ಲಿ ಐದನ್ನು ನುಂಗಿದರು. ಇನ್ನೊಂದನ್ನು ಹರತಾಳ ನುಂಗಿತು. ಯಾವ ಪಕ್ಷದ ಹರತಾಳ, ಯಾತಕ್ಕೆ ಅಂತ ಕೇಳಲೂ ಯಾರಿಗೂ ಪುರುಸೊತ್ತಿರಲಿಲ್ಲ, ಹಿಂದಿನ ಸಂಜೆ ಎಲ್ಲರೂ ಮರುದಿನದ ರಜೆಯೂಟಕ್ಕೆ ಅಂತ ಕೋಳಿ ಅಂಗಡಿ ಮುಂದೆ ಸಾಲು ನಿಂತಿದ್ದರು. ಏನೇ ಆದರೂ ಓಣಂ ರಜೆಗೆ ಮುಂಚೆ ಸಾಫ್ಟ್‌ವೇರು ಮಸ್ಕತ್ತಿಗೆ ಹೋಗಲೇಬೇಕು.

"ನಾಲ್ಕು ದಿನದಲ್ಲಿ ಏನು ಮಣ್ಣು ಮಾಡೋದು ಚೇಚಿ?" ಕ್ಯಾಂಟೀನಿನಲ್ಲಿ ರಂಜುಷಾ ತಲೆ ಮೇಲೆ ಕೈ ಹೊತ್ತು ಕೂತಳು.

ಎದುರಿಗೆ ಲಿಸ್ಸಿಚೇಚಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ಮುರಿಯುತ್ತಿದ್ದಳು. ವಯಸ್ಸು ಐವತ್ತರ ಹತ್ತಿರ. ರಂಜುಷಾಳಿಗೆ ಈ ಕೆಲಸವನ್ನು ಕೈ ಹಿಡಿದು ಕಲಿಸಿದವಳು ಅವಳೇ. ಇವಳಿಗೆ ಅವಳು ಚೇಚಿ, ಅಂದರೆ ಅಕ್ಕ; ಅವಳಿಗೆ ಇವಳು ಮೋಳ್, ಅಂದರೆ ಮಗಳು. ಈಗ ರಂಜುಷಾ ತಂಡದ ಮುಖ್ಯಸ್ಥೆ, ಚೇಚಿ ಅವಳ ಕೈಕೆಳಗೆ. ಆದರೆ ಕಷ್ಟ ಬಂದಾಗ ಯಾರು ಯಾರ ಮುಂದೆ ಕೂರುತ್ತಾರೆ ಅನ್ನೋದು ಬದಲಾಗಿರಲಿಲ್ಲ.

"ಮೊದ್ಲು ತಿನ್ನು ಮೋಳೇ, ಆಮೇಲೆ ಅಳುವಿಯಂತೆ. ಎಲ್ಲಾನೂ ಮೂರು ಗುಡ್ಡೆ ಮಾಡು. ತಪ್ಪಾದ್ರೆ ರೋಗಿ ಸಾಯೋದು ಯಾವುದು, ನರ್ಸ್ ಬೈಯೋದು ಯಾವುದು, ತಪ್ಪಾದ್ರೂ ಯಾರಿಗೂ ಗೊತ್ತಾಗದ್ದು ಯಾವುದು. ಮೊದಲನೇ ಗುಡ್ಡೇನ ಜೀವ ಹೋದ್ರೂ ಬಿಡ್ಬೇಡ. ಎರಡನೇದರ ಮೇಲೆ ಕಣ್ಣಾಡ್ಸು. ಮೂರನೇದು ಕರ್ತನಿಗೆ ಬಿಡು."

"ಯಾವುದು ಯಾವ ಗುಡ್ಡೆಗೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ನಾನೇನು ಸತ್ತಿದ್ದೀನಾ?"

ಚೇಚಿಯ ಮನೆ ತುಂಬ ನರ್ಸುಗಳು. ಅಕ್ಕ, ತಂಗಿ, ಇಬ್ಬರು ನಾದಿನಿಯರು, ಎಲ್ಲ ಗಲ್ಫಿನ ಆಸ್ಪತ್ರೆಗಳಲ್ಲಿ ಸವೆದವರು. ಪಾಳಿ ಮುಗಿಯೋ ಹೊತ್ತಿಗೆ ನರ್ಸ್ ಯಾವ ಗುಂಡಿಯನ್ನು ಎರಡು ಸಲ ಒತ್ತುತ್ತಾಳೆ, ಯಾವ ಎಚ್ಚರಿಕೆಯನ್ನು ಓದದೇ ಮುಚ್ಚುತ್ತಾಳೆ, ಎಲ್ಲ ಅವಳಿಗೆ ಬಾಯಿಪಾಠ. ಅವಳು ಹೇಳುತ್ತಾ ಹೋದಳು, ರಂಜುಷಾ ಕಾರಣಗಳ ಸಮೇತ ಕಂಪ್ಯೂಟರಿಗೆ ಇಳಿಸುತ್ತಾ ಹೋದಳು. ಆ ಲೆಕ್ಕದಲ್ಲೇ ಪರೀಕ್ಷೆ ನಡೆಯಿತು. ರೋಗಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸಿದರೆ ಆಗಲೇ ಕೊಟ್ಟ ಔಷಧಿ 'ಇನ್ನೂ ಕೊಟ್ಟಿಲ್ಲ' ಅಂತ ತೋರಿಸುತ್ತಿತ್ತು. ಅಂದರೆ ಅದೇ ಸೂಜಿ ಎರಡನೇ ಸಲ! ಹಿಡಿದವಳು ಚೇಚಿಯೇ. ತಪ್ಪು ತಿದ್ದಿಸಿ, ಹೇಳಿದ ದಿನಕ್ಕೆ ಸಾಫ್ಟ್‌ವೇರು ಮಸ್ಕತ್ತಿಗೆ ಹೋಯಿತು, ಅಲ್ಲಿಂದ ಒಂದು ದೂರೂ ಬರಲಿಲ್ಲ.

ಆಫೀಸಿನ ಓಣಂ ಊಟದ ದಿನ ಮ್ಯಾನೇಜರ್ ಶಿಜೋಯ್ ಜರಿ ಮುಂಡು ಉಟ್ಟು ರಂಜುಷಾಳ ಪಕ್ಕದ ಎಲೆಗೇ ಬಂದು ಕೂತ.

"ನಾಲ್ಕು ದಿನದ ಕೆಲ್ಸಕ್ಕೆ ಇಷ್ಟು ವರ್ಷ ಹತ್ತು ದಿನ ತಿಂದ್ರಲ್ಲ, ಕಳ್ಳರು ಕಣೇ ನೀವು!" ಅಂತ ನಕ್ಕ. ನಗು ಮುಗಿಸಿ ದನಿ ತಗ್ಗಿಸಿದ. "ಮೇಲಿನವರಿಗೆ ಹೇಳಿದ್ದೀನಿ, ಇನ್ಮೇಲೆ ನಾಲ್ಕೇ ದಿನ. ಇಷ್ಟು ಹಳಬರೂ ಬೇಡ. ಲಿಸ್ಸಿಯವರ ಸಂಬಳದಲ್ಲಿ ಇಬ್ಬರು ಹೊಸಬರು ಬರ್ತಾರೆ."

ರಂಜುಷಾ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದಳು. "ಸಾರ್, ಅದೆಲ್ಲ ಚೇಚಿಯ ತಲೆ. ನಾನು ಬರ್ಕೊಂಡೆ ಅಷ್ಟೆ. ಅವರಿಲ್ದಿದ್ರೆ ನಾಲ್ಕಲ್ಲ, ನಲವತ್ತು ದಿನ ಕೊಟ್ರೂ ಆಗ್ತಿರ್ಲಿಲ್ಲ."

"ಅದೇ ನಾನು ಹೇಳೋದು. ಬರ್ಕೊಂಡಾಯ್ತಲ್ಲ."

ಅಷ್ಟರಲ್ಲಿ ಚೇಚಿಯೇ ಪಾಯಸದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಬಂದಳು. "ಸಾರ್, ಇನ್ನೊಂದು ಸೌಟು?"

"ಹಾಕಿ ಹಾಕಿ. ನೀವು ಬಡಿಸಿದ್ರೆ ಬೇಡ ಅನ್ನೋಕಾಗುತ್ತಾ?" ಅಂದ ಆ ಮಹಾನುಭಾವ. ರಂಜುಷಾಳಿಗೆ ಆ ಪಾಯಸವನ್ನು ಅವನ ಮುಂಡಿನ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ.

ರಜೆ ಮುಗಿದ ಮೇಲೆ ಚೇಚಿಯ ಕೈಯಲ್ಲೇ ರಾಜೀನಾಮೆ ಬರೆಸಿಕೊಂಡರು. "ಈ ವಯಸ್ಸಲ್ಲಿ ನನ್ನ ಯಾರು ಕರೀತಾರೆ ಮೋಳೇ" ಅಂದಳು, ಅಷ್ಟೆ. ಬೈದಿದ್ದರೆ ರಂಜುಷಾಳಿಗೆ ಹಗುರಾಗುತ್ತಿತ್ತು.

ಮುಂದಿನ ಸಲ ಮಸ್ಕತ್ತಿನವರು ಹಸುಗೂಸುಗಳ ವಾರ್ಡನ್ನೂ ಸೇರಿಸಿ ಅಂದರು. ಪರೀಕ್ಷೆಗೆ ಕೊಟ್ಟಿದ್ದು ಮೂರು ದಿನ. ಚೇಚಿ ಬರೆಸಿದ್ದರಲ್ಲಿ ಹಸುಗೂಸಿನ ಮಾತೇ ಇರಲಿಲ್ಲ. ಹೊಸ ಹುಡುಗರಿಬ್ಬರೂ ರಂಜುಷಾಳ ಮುಖ ನೋಡಿದರು, ರಂಜುಷಾ ಶಿಜೋಯ್ ಮುಖ ನೋಡಿದಳು.

"ಲಿಸ್ಸಿಯವರಿಗೆ ಒಂದು ಫೋನ್ ಹಾಕು," ಅಂದ ಅವನು. "ನಿನ್ನ ಕಂಡ್ರೆ ಅವರಿಗೆ ಪ್ರಾಣ. ಸುಮ್ನೆ ಹಾಗೇ ಮಾತಾಡಿದ ಹಾಗೆ ಕೇಳು."

ನಾಚಿಕೆಗೇಡು! ಆದರೆ ಕೇಳದೇ ಇದ್ದು, ಯಾವುದೋ ಕೂಸಿಗೆ ದೊಡ್ಡವರ ಅಳತೆಯ ಔಷಧಿ ಹೋದರೆ? ರಂಜುಷಾ ಫೋನ್ ಹಾಕಿದಳು.

"ಮೋಳೇ! ಊಟ ಆಯ್ತಾ? ಸಣ್ಣಗಾಗಿದ್ದೀಯಾ?" ಚೇಚಿಯ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಅವಳಿಗೆ ಫೋನ್ ಮಾಡುವವರು ಯಾರೂ ಇಲ್ಲ ಅನ್ನೋದು ಅದರಲ್ಲೇ ತಿಳಿಯುತ್ತಿತ್ತು. ಕೂಸುಗಳ ವಾರ್ಡು ಅಂತ ರಂಜುಷಾ ಬಾಯಿ ಬಿಟ್ಟಿದ್ದೇ ತಡ, ಶುರುವಾಯಿತು. "ಅಯ್ಯೋ, ಅಲ್ಲಿ ತೂಕ ನೋಡ್ಬೇಕು ಕಣೇ. ಕೂಸಿನ ತೂಕ ದಿನಾ ಬದಲಾಗುತ್ತೆ, ಈ ಸಾಫ್ಟ್‌ವೇರ್ ಬರೆಯೋರು ಹುಟ್ಟಿದಾಗಿನ ತೂಕಾನೇ ಹಿಡ್ಕೊಂಡಿರ್ತಾರೆ, ನೋಡು ಬೇಕಾದ್ರೆ. ಅವಳಿ ಮಕ್ಕಳಾದ್ರೆ ಇಬ್ಬರಿಗೂ ಅಮ್ಮನ ಹೆಸರೇ ಇರುತ್ತೆ, ಅಲ್ಲಿ..."

ರಂಜುಷಾ ಫೋನನ್ನು ಕತ್ತಿಗೆ ಒತ್ತಿಕೊಂಡಿದ್ದಳು. ಎರಡೂ ಕೈ ಕೀಲಿಮಣೆ ಮೇಲೆ ಓಡುತ್ತಿದ್ದವು. ಶಿಜೋಯ್ ಬೆನ್ನ ಹಿಂದೆ ನಿಂತು ತೆರೆಯ ಮೇಲೆ ಓದುತ್ತಿದ್ದ.

ಚೇಚಿ ಮಾತು ನಿಲ್ಲಿಸಿದಳು.

"ಏನಾಯ್ತು ಚೇಚಿ?"

"ಟಕಟಕ ಅಂತ ಕೇಳ್ತಿದೆ ಮೋಳೇ." ದನಿಯಲ್ಲಿದ್ದ ಸಂತೋಷ ಇಳಿದಿತ್ತು. "ಬರ್ಕೊಳ್ತಿದ್ದೀಯಲ್ಲ. ನಿಧಾನವಾಗಿ ಹೇಳ್ಲಾ?"

ಇಲ್ಲ ಅನ್ನಬಹುದಿತ್ತು, ಫೋನ್ ಇಡಬಹುದಿತ್ತು. ಶಿಜೋಯ್ ಹಿಂದಿನಿಂದ ಬೆರಳಾಡಿಸಿ, ಕೇಳು ಕೇಳು ಅಂದ.

"ಹ್ಞೂಂ ಚೇಚಿ," ಅಂದಳು ರಂಜುಷಾ. "ಸ್ವಲ್ಪ ನಿಧಾನವಾಗಿ ಹೇಳಿ."