ಮುಯ್ಯಿ ನೀರು

ಮಜೀದಾಳಿಗೆ ತನ್ನ ಬಿರಿಯಾನಿಯ ಬಗ್ಗೆ ಇದ್ದದ್ದು ಸುಳ್ಳು ಜಂಬವೇನಲ್ಲ. ಶಿವಾಜಿನಗರದ ಆ ಇಕ್ಕಟ್ಟು ಮನೆಯಿಂದ ಕಮ್ಮನಹಳ್ಳಿ, ಹೊಸ ತಿಪ್ಪಸಂದ್ರದವರೆಗೂ ಮದುವೆಗೆ, ಮುಂಜಿಗೆ ಹಂಡೆಯಷ್ಟು ದೊಡ್ಡ ದೇಗುಗಟ್ಟಲೆ ಹೋಗುತ್ತಿತ್ತು. ಅಕ್ಕಿ ನಾಲ್ಕು ನೀರು ಕಾಣದೆ ಒಲೆ ಹತ್ತಬಾರದು ಎಂಬುದು ಅವಳ ಅಡುಗೆಮನೆಯ ಕಾನೂನು. ತೊಳೆದ ನೀರಿನಲ್ಲಿ ಅಂಗೈ ಗೆರೆ ಕಾಣಬೇಕು, ಕಾಣದಿದ್ದರೆ ಐದನೆಯ ನೀರು. ಈ ವಿಷಯದಲ್ಲಿ ಗಂಡ ಮುನಾವರ್‌ನ ಮಾತೂ ನಡೆಯುತ್ತಿರಲಿಲ್ಲ. ಬೇರೆ ಯಾವ ವಿಷಯದಲ್ಲಿ ನಡೆಯುತ್ತಿತ್ತು ಎಂದು ಕೇಳಬೇಡಿ.

ಆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಹಲಸೂರಿನ ಚಿಕ್ಕಮುನಿಯಮ್ಮ. ಅವಳ ಮಗಳು ರಮ್ಯಶ್ರೀ ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತು ಓದಿ ದೊಡ್ಡವಳಾದಳು. ರಾಜ್ಯದ ಗಡಿಯಾಚೆಯ ಬೆಟ್ಟದ ಮೇಲಿರುವ ಮುಳ್ಳುದೊಡ್ಡಿಯಲ್ಲಿ ಚಿಕ್ಕಮುನಿಯಮ್ಮನ ಅಣ್ಣನ ಮನೆ. ಅಣ್ಣನ ಮಗನಿಗೆ ಮಗಳನ್ನು ಕೊಟ್ಟು, ಆ ವರ್ಷವೇ ಚಿಕ್ಕಮುನಿಯಮ್ಮ ಕಣ್ಣುಮುಚ್ಚಿದಳು. ಈಗ ರಮ್ಯಶ್ರೀಗೆ ಗಂಡುಮಗು, ನಾಮಕರಣಕ್ಕೆ ಬನ್ನಿ ಎಂದು ಫೋನು ಬಂದಾಗ ಮಜೀದಾ ಎರಡನೆಯ ಯೋಚನೆ ಮಾಡಲಿಲ್ಲ.

"ಅವಳಿಗೆ ತವರು ಅಂತ ಇರೋದು ನಾನೊಬ್ಬಳೇ. ಕೈ ಬೀಸ್ಕೊಂಡು ಹೋಗಕ್ಕಾಗುತ್ತಾ? ಊರಿಗೆಲ್ಲ ಬಿರಿಯಾನಿ ಹಾಕ್ತೀನಿ. ನಮ್ಮ ಹುಡುಗಿ ಅತ್ತೆಮನೇಲಿ ತಲೆ ಎತ್ಕೊಂಡು ಓಡಾಡ್ಬೇಕು."

"ಅಲ್ಲೇನು ಸಿಗುತ್ತೆ, ಏನು ಸಿಗಲ್ಲ, ಒಂದ್ಮಾತು ಕೇಳಮ್ಮಾ," ಎಂದ ಮುನಾವರ್.

"ಕೇಳೋದೇನ್ರೀ? ಎಲ್ಲಾ ನಾವೇ ತಗೊಂಡ್ ಹೋಗ್ತೀವಲ್ಲ."

ನಿಜಕ್ಕೂ ಎಲ್ಲಾ ತೆಗೆದುಕೊಂಡಳು. ದೊಡ್ಡದೊಂದು ದೇಗು, ಐಸ್ ಡಬ್ಬಿಯಲ್ಲಿ ಮಸಾಲೆ ಕಲಸಿದ ಮಟನ್, ಒಳ್ಳೆಯ ಅಕ್ಕಿ, ತುಪ್ಪ, ಪುದೀನ, ಇದ್ದಿಲು, ಬೆಂಕಿಪೊಟ್ಟಣ. ವ್ಯಾನು ಕೆ.ಆರ್. ಪುರ ದಾಟುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ.

ಬೆಟ್ಟದ ಬುಡದಲ್ಲಿ ರಸ್ತೆ ಮುಗಿಯಿತು. ಅಲ್ಲಿಂದ ಮೇಲೆ ಕಲ್ಲು, ಲಂಟಾನ, ಆನೆ ಲದ್ದಿ. ಅರಣ್ಯ ಇಲಾಖೆಯವರು ರಸ್ತೆಗೆ ಬಿಡುವುದಿಲ್ಲ, ಬಿಟ್ಟರೂ ಹಾಕುವವರಿಲ್ಲ. ರಮ್ಯಶ್ರೀಯ ಗಂಡ ಮತ್ತು ಅವನ ಕಡೆಯವರು ದೇಗನ್ನು ಬಿದಿರಿನ ಗಳಕ್ಕೆ ಕಟ್ಟಿ ಹೊತ್ತರು. ಆಸ್ಪತ್ರೆಗೆ ಬಸುರಿಯರನ್ನು ಹೊತ್ತು ತರುವುದೂ ಇದೇ ಗಳದಲ್ಲಂತೆ. ಮಜೀದಾ ಬುರ್ಖಾ ಎತ್ತಿಕಟ್ಟಿ, ಮಂಡಿಗೆ ಬೈದುಕೊಳ್ಳುತ್ತ ಹತ್ತಿದಳು. ಮುನಾವರ್ ಅರ್ಧ ದಾರಿಗೇ ಏದುಸಿರು ಬಿಟ್ಟು, ವ್ಯಾನು ಕಾಯುವ ನೆಪ ಹೇಳಿ ಇಳಿದುಬಿಟ್ಟ.

ಊರೆಂದರೆ ಬೆರಳೆಣಿಕೆಯ ಮಣ್ಣುಗೋಡೆ ಮನೆಗಳು, ಮೇಕೆ ಹಟ್ಟಿ, ಒಂದು ಸೋಲಾರ್ ದೀಪದ ಕಂಬ. ಸಿಮೆಂಟಿನ ನೀರಿನ ಟ್ಯಾಂಕೊಂದು ಕಂಡು ಮಜೀದಾಳಿಗೆ ಸಮಾಧಾನವಾಯಿತು. ಅದರೊಳಗೆ ಕೋಳಿ ಕಾವಿಗೆ ಕೂತಿದ್ದದ್ದು ಅವಳಿಗೆ ಕಾಣಲಿಲ್ಲ.

ಹೊಸಿಲಿನೊಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ರಮ್ಯಶ್ರೀ ಅವಳನ್ನು ನೋಡಿ ಅತ್ತೇಬಿಟ್ಟಳು. ತಲೆಗೆ ಎರೆದುಕೊಳ್ಳುವವರೆಗೆ ಬಾಣಂತಿ ಹೊಸಿಲು ದಾಟುವಂತಿಲ್ಲ.

"ಮೊದಮೊದ್ಲು ಇವರೆಲ್ಲ ನನ್ನ ನಲ್ಲಿ ಹುಡುಗಿ ಅಂತ ಆಡ್ಕೊಳ್ಳೋರು ಆಂಟಿ. ಒಂದು ಲೋಟ ತೊಳೆಯಕ್ಕೆ ಅರ್ಧ ಕೊಡ ಚೆಲ್ತೀನಿ ಅಂತ. ಈಗ ಯಾರೂ ಅನ್ನಲ್ಲ, ಗೊತ್ತಾ?" ಎಂದಳು ಕಣ್ಣೊರೆಸಿಕೊಂಡು. ಆ ಮಾತಿನಲ್ಲಿ ಪರೀಕ್ಷೆ ಪಾಸಾದ ಹೆಮ್ಮೆ ಇತ್ತು.

"ನನ್ನ ಬಂಗಾರ. ಮೊದ್ಲು ಹೇಳು, ಒಲೆ ಎಲ್ಲಿ ಹೂಡ್ಲಿ?" ಎಂದಳು ಮಜೀದಾ.

ಒಲೆ ಅಂಗಳದಲ್ಲಿ. ಅದರ ಪಕ್ಕ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದ ತುಂಬಿದ ಕೊಡಗಳು, ಪ್ರತಿಯೊಂದರ ಬಾಯಿಗೂ ಒಂದೊಂದು ಮಾವಿನೆಲೆ. ತನ್ನ ಅಡುಗೆಗೆಂದೇ ಎಷ್ಟು ಚೆಂದ ಸಿದ್ಧ ಮಾಡಿಟ್ಟಿದ್ದಾರೆ ಎಂದು ಮಜೀದಾ ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಎಲೆಗಳನ್ನು ತೆಗೆದು ಪಕ್ಕಕ್ಕೆಸೆದು, ಬುರ್ಖಾ ಕಳಚಿಟ್ಟು, ತೋಳೇರಿಸಿ ಅಕ್ಕಿಗೆ ಇಳಿದಳು.

ಒಂದು ನೀರು, ಎರಡು ನೀರು. ಬಗ್ಗಿಸಿದ ನೀರು ಅಂಗಳದ ಮಣ್ಣಿನಲ್ಲಿ ಹರಿದು ಇಂಗಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು. ತನ್ನ ಕೈಚಳಕ ನೋಡಲು ಬಂದಿದ್ದಾರೆಂದು ಮಜೀದಾಳಿಗೆ ಇನ್ನಷ್ಟು ಹುರುಪು. ಒಳಗಿನಿಂದ ರಮ್ಯಶ್ರೀಯ ದನಿ ಕೇಳಿಸಿತು: "ಆಂಟಿ, ಅಕ್ಕಿ ಅಷ್ಟು ಸಾಕು ಬಿಡಿ..."

"ಅರೆ! ನನಗೇ ಬಿರಿಯಾನಿ ಕಲಿಸ್ತೀಯಾ?" ಎಂದು ಮಜೀದಾ ಗಟ್ಟಿಯಾಗಿ ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

ದೇಗಿನ ತುಂಬ ನೀರು ಕುದಿಸಿ, ಅಕ್ಕಿ ಮುಕ್ಕಾಲು ಬೆಂದಾಗ ಬಸಿದಳು. ಆಗ ಇಬ್ಬರು ಹೆಂಗಸರು ಓಡಿಬಂದು ಬಸಿಯುವ ಗಂಜಿಗೆ ಪಾತ್ರೆ ಒಡ್ಡಿದರು. "ಬಿಡ್ರಮ್ಮಾ, ಕೈ ಸುಟ್ಕೋತೀರಾ," ಎಂದು ಮಜೀದಾ ಅವರನ್ನು ಪ್ರೀತಿಯಿಂದಲೇ ಪಕ್ಕಕ್ಕೆ ಸರಿಸಿದಳು. ಗಂಜಿ ಮಣ್ಣಿಗೆ ಹೋಯಿತು. ಕೊನೆಯ ಕೊಡದ ನೀರಿನಲ್ಲಿ ಕೈಕಾಲು ತೊಳೆದು, ಮುಖಕ್ಕೆ ಎರಚಿಕೊಂಡು ಆರಾಮಾಗಿ ಕೂತಳು.

ಸ್ವಲ್ಪ ಹೊತ್ತಿಗೆ ರಮ್ಯಶ್ರೀಯ ಅತ್ತೆ ಮಾದಮ್ಮ ಅಂಗಳಕ್ಕೆ ಬಂದಳು. ಬಾಣಂತಿಗೂ ಮಗುವಿಗೂ ಎರೆಯಲು ಹಂಡೆಗೆ ನೀರು ತುಂಬಬೇಕಿತ್ತು. ಕೊಡಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ, ಹೊಸಿಲ ಬಳಿ ಹೋಗಿ ನಿಂತಳು.

"ಮುಯ್ಯಿ ನೀರೆಲ್ಲ ಆಗೋಯ್ತಲ್ಲ ಮಗ. ನಿನ್ ಕಡೇವ್ರು. ನೀನಾದ್ರೂ ಹೇಳ್ಬಾರ್ದಾ?"

"ನಾನೇ ತಗೊಳ್ಳಿ ಅಂದೆ ಅತ್ತೆ," ಎಂದಳು ರಮ್ಯಶ್ರೀ. "ನಂದೇ ತಪ್ಪು."

ನಿಂತಿದ್ದವರಲ್ಲಿ ಯಾರೋ ಮೆಲ್ಲಗೆ, "ನಲ್ಲಿ ಹುಡುಗಿ," ಅಂದರು.

ಮಜೀದಾ ಏನೂ ಅರ್ಥವಾಗದೆ, ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದಳು. ಮುದುಕಿ ಬೇಸರವಿಲ್ಲದೆ ವಿವರಿಸಿದಳು. ಎಲ್ಲ ಕಡೆ ನಾಮಕರಣಕ್ಕೆ ಬಟ್ಟೆ, ದುಡ್ಡು ಮುಯ್ಯಿ ಮಾಡುತ್ತಾರೆ. ಈ ಊರಿನಲ್ಲಿ ಮನೆಗೊಂದು ಕೊಡ ನೀರು. ಬೇಸಿಗೆಯಲ್ಲಿ ಕಣಿವೆಯ ಒರತೆ ಒಂದು ಕೊಡ ತುಂಬಿಸಲು ಅರ್ಧ ದಿನ ತೆಗೆದುಕೊಳ್ಳುತ್ತದೆ. ಸರದಿ ಕಾದು, ಹೊತ್ತು ತಂದು, ಕೂಸಿಗೆ ಆಯಸ್ಸಾಗಲಿ ಎಂದು ಬಾಯಿಗೆ ಎಲೆ ಇಟ್ಟು ಒಪ್ಪಿಸುತ್ತಾರೆ. ಆ ನೀರಲ್ಲೇ ತಾಯಿಗೂ ಮಗುವಿಗೂ ಎರೆಯುವುದು, ಉಳಿದದ್ದು ಊಟಕ್ಕೆ ಕೂತವರಿಗೆ.

ಮಜೀದಾ ತನ್ನ ಒದ್ದೆ ಕಾಲುಗಳನ್ನು ನೋಡಿಕೊಂಡಳು. ಮಗುವಿನ ಉಡುಗೊರೆಯಲ್ಲಿ ತಾನು ಕಾಲು ತೊಳೆದುಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದಕ್ಕಿಂತ ಚುಚ್ಚಿದ್ದು ಆ ಹುಡುಗಿಯ ಸುಳ್ಳು. ತಲೆ ಎತ್ತಿಸಲು ಬಂದವಳಿಗಾಗಿ ಅವಳು ತಲೆ ತಗ್ಗಿಸಿ ಕೂತಿದ್ದಳು.

ಹರೆಯದವರು ಕೊಡ ಹಿಡಿದು ಕಣಿವೆಗೆ ಇಳಿದರು, ಆದರೆ ಅವರು ಬರುವವರೆಗೆ ಮುಹೂರ್ತ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ತಾಯಿಯ, ಮಗುವಿನ ಮೈಯೊರೆಸಿ ಹೆಸರಿಟ್ಟದ್ದಾಯಿತು. ತಲೆಗೆ ಎರೆದುಕೊಳ್ಳದ ರಮ್ಯಶ್ರೀ ಹೊಸಿಲ ಒಳಗೇ ಉಳಿದಳು.

ಆಮೇಲೆ ಊಟ. ಬಿರಿಯಾನಿ ಘಮ್ಮೆಂದಿತ್ತು. ಅಗುಳು ಅಗುಳು ಬಿಡಿಬಿಡಿಯಾಗಿತ್ತು. ಜನ ಹೊಗಳಿಕೊಂಡೇ ಉಂಡರು, ಅದೂ ನಿಜವಾದ ಹೊಗಳಿಕೆ. ಒಂದೊಂದು ಹೊಗಳಿಕೆಗೂ ಮಜೀದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಖಾರಕ್ಕೆ ಮಕ್ಕಳು ಹಾ ಹಾ ಎನ್ನತೊಡಗಿದವು. "ಅವ್ವಾ, ನೀರು," ಎಂದು ಒಂದು ಮಗು ಅಂದಿತು. ತಾಯಿ ಅದರ ತೊಡೆ ಚಿವುಟಿದಳು.

ಮಜೀದಾ ಎದ್ದು ನಿಂತಳು. "ಹುಡುಗಿ ಸುಳ್ಳು ಹೇಳಿದ್ಳು," ಎಂದಳು. "ಅವಳು ಸಾಕು ಅಂದ್ಲು, ನಾನೇ ಕೇಳಲಿಲ್ಲ. ನೀರು ಯಾರದು ಅಂತ ಕೇಳೋ ಬುದ್ಧಿ ನನಗೆ ಬರಲಿಲ್ಲ. ಅವಳನ್ನ ಏನೂ ಅನ್ಬೇಡಿ."

ಮಾದಮ್ಮ ಒಳಗೆ ಹೋದಳು. ಎಲ್ಲೋ ಎತ್ತಿಟ್ಟಿದ್ದ ಒಂದೇ ಒಂದು ಚೊಂಬು ನೀರು ತಂದು ಮಜೀದಾಳ ಕೈಗೆ ಕೊಟ್ಟಳು.

"ನಮಗೂ ಕಣ್ಣು ಅದೆ ತಾಯಿ. ಮೊದ್ಲು ನೀರು ಕುಡೀರಿ."

ಮಜೀದಾ ಚೊಂಬನ್ನು ಪಕ್ಕದ ಮಗುವಿನ ಕಡೆ ಚಾಚಿದಳು. ಮಗು ಕೈನೀಡಿತು. ಅದರ ತಾಯಿ ಆ ಕೈಯನ್ನು ಹಿಡಿದು ಹಿಂದಕ್ಕೆಳೆದುಕೊಂಡಳು.

"ಬ್ಯಾಡಿ," ಎಂದಳು ಮಾದಮ್ಮ. "ತವರಿನವ್ರು ಬಾಯಾರ್ಕೊಂಡು ಹೋದ್ರೆ ಕೂಸಿಗೆ ಒಳ್ಳೇದಲ್ಲ. ಪೂರ್ತಿ ಕುಡೀಬೇಕು."

ಮಜೀದಾ ಹೊಸಿಲ ಕಡೆ ನೋಡಿದಳು. ರಮ್ಯಶ್ರೀ, ಕುಡಿಯಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಮಜೀದಾ ಚೊಂಬೆತ್ತಿ ಕುಡಿದಳು. ಮುಗಿಯುವವರೆಗೂ ಪಂಕ್ತಿಯ ಮಕ್ಕಳೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದವು.