ಒಳಗೆ ತಿರುಗಿದ ಬಾಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಬೆನ್ನ ಹಿಂದೆ ನನ್ನನ್ನು ‘ಮೈಕ್ರಾನ್ ಅಮ್ಮ’ ಅನ್ನುತ್ತಾರೆ. ಅನ್ನಲಿ. ಅಳತೆ ಕೋಣೆಯ ಯಂತ್ರ ನನ್ನ ಕೈಯಲ್ಲಿದೆ; ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಾನು ಬಿಡುವವಳಲ್ಲ. ಆದರೆ ಅವತ್ತು ಬೆಳಿಗ್ಗೆ ಪರದೆಯ ಮೇಲೆ ಕಂಡದ್ದು ಕೂದಲೆಳೆಯಲ್ಲ, ಇಡೀ ಒಂದು ಮಿಲಿಮೀಟರ್. ಪಂಪಿನ ಕವಚದೊಳಗಿನ ಸುರುಳಿ ಗೋಡೆಯಲ್ಲಿ ಅಷ್ಟು ಲೋಹ ಕೊರೆಯದೆ ಉಳಿದಿದೆ ಎಂದು ಉದ್ದಕ್ಕೂ ಕೆಂಪು ತೋರಿಸುತ್ತಿತ್ತು. ಆ ಕವಚಗಳನ್ನು ಕೊರೆದವರು ನನ್ನ ಭಾವ, ಅಕ್ಕನ ಗಂಡ.

ಸೂಪರ್‌ವೈಸರ್ ನನ್ನ ಭುಜದ ಮೇಲಿಂದ ಇಣುಕಿದವನು ನೆಟ್ಟಗೆ ಭಾವನ ಮಷೀನಿನ ಹತ್ತಿರ ಹೋದ. ನಾನೂ ಹಿಂದೆಯೇ ಹೋದೆ.

“ಗುರುಗಳೇ, ಆರು ಮಿಲಿಮೀಟರ್ ದಪ್ಪದ ಟೂಲ್ ಹಾಕಿ ಮಷೀನಿಗೆ ಎಂಟು ಅಂತ ಒತ್ತಿದ್ದೀರಿ. ಅದಕ್ಕೇ ವ್ಯತ್ಯಾಸದ ಅರ್ಧ, ಒಂದು ಮಿಲಿಮೀಟರ್, ಗೋಡೇಲಿ ಉಳ್ಕೊಂಡಿದೆ. ಊಟದೊಳಗೆ ಎಲ್ಲಾನೂ ಇನ್ನೊಂದು ಮಿಲಿಮೀಟರ್ ಕೊರೆದು ಕೊಡಿ. ಈ ಮಾಲು ಕೆಟ್ಟರೆ ನೀವು ಮಷೀನ್ ಬಿಟ್ಟು ಪ್ಯಾಕಿಂಗಿಗೆ ಹೋಗಿ, ಅಷ್ಟೇ.”

“ಗಿರಾಕಿ ಕಳಿಸಿದ ಕಂಪ್ಯೂಟರ್ ಮಾಡೆಲ್ ಮೇಲೂ ಅನುಮಾನ ಇದೆ ಸಾರ್,” ಎಂದೆ.

“ಭಾವನ ಪರ ವಕೀಲಿಕೆ ಬೇಡಮ್ಮ,” ಎಂದು ಹೊರಟುಹೋದ.

ಆ ಟೂಲ್ ಬಿಚ್ಚಿ, ಮುಂದಿನ ಕೆಲಸದ ಅಂಕಿ ಒತ್ತಿಯಾಗಿತ್ತು. ಹಳೆಯದನ್ನು ನೋಡೋಣವೆಂದರೆ ಉಳಿದಿರಲಿಲ್ಲ. ಕೈಯಲ್ಲೇ ಅಳೆಯೋಣವೆಂದರೆ ಸುರುಳಿಯೊಳಗೆ ವರ್ನಿಯರ್ ಕೂರುವುದಿಲ್ಲ. ಭಾವನನ್ನೇ ಕೇಳಿದೆ.

“ಒತ್ತಿರ್ಬೋದು,” ಎಂದರು.

ನನ್ನ ಮೈಯೆಲ್ಲ ಉರಿಯಿತು. “ಒತ್ತಿರ್ಬೋದು ಅಂದ್ರೇನು ಭಾವ? ಒತ್ತಿದ್ರಾ, ಇಲ್ವಾ?”

“ಗೊತ್ತಿಲ್ಲ ಕಣೇ ಪುಟ್ಟಿ. ಈಚೆಗೆ ಆರೂ ಎಂಟೂ ನನ್ನ ಕಣ್ಣಿಗೆ ಒಂದೇ ಥರ. ನಿಮ್ಮಕ್ಕಂಗೆ ಹೇಳ್ಬೇಡ, ಸುಮ್ನೆ ಎದೆ ಒಡ್ಕೋತಾಳೆ.”

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಪ್ಯಾಕಿಂಗಿಗೆ ಹೋದರೆ ಈ ಮನುಷ್ಯ ಬದುಕಿಯೂ ಸತ್ತಂತೆ. ಮಷೀನಿನ ಸದ್ದಲ್ಲೇ ಟೂಲ್ ಮೊಂಡಾದದ್ದನ್ನು ಕಂಡುಹಿಡಿಯುವವರು. “ನಾನು ಬಂದು ಹೇಳೋವರೆಗೂ ಒಂದನ್ನೂ ಮುಟ್ಬೇಡಿ,” ಎಂದೆ. ಆಗಲಿ ಎಂಬಂತೆ ತಲೆಯಾಡಿಸಿದರು.

ನನ್ನ ಯಂತ್ರ ಅಳತೆಯನ್ನು ಹೋಲಿಸಿ ನೋಡುವ ಮಾಡೆಲ್ ಗಿರಾಕಿಯ ಕಡೆಯಿಂದ ಅವತ್ತೇ ಬಂದದ್ದು. ಅವರ ಸಾಫ್ಟ್‌ವೇರ್ ಬೇರೆ, ನಮ್ಮದು ಬೇರೆ. ಒಂದರ ಮಾತು ಇನ್ನೊಂದಕ್ಕೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ತಾನೇ ಊಹಿಸಿಕೊಂಡು ‘ಫೈಲ್ ಸರಿಯಾಗಿ ಬಂದಿದೆ’ ಎಂದು ಹಲ್ಲು ಕಿರಿಯುತ್ತದೆ. ಇಂಚೋ ಮಿಲಿಮೀಟರೋ ನೋಡಿದೆ, ಸರಿಯಿತ್ತು. ಕವಚವನ್ನು ಬಿಚ್ಚಿ ಮತ್ತೆ ಕೂರಿಸಿ ಅಳೆದೆ. ಮತ್ತೆ ಅದೇ ಒಂದು ಮಿಲಿಮೀಟರ್. ತಲೆ ಕೆಟ್ಟು ಕೆರ ಹಿಡಿಯಿತು.

ಅಳೆಯುವ ಕಡ್ಡಿಯ ತುದಿಯ ಕೆಂಪು ಗುಂಡಿನ ಮೇಲೆ ಆಗ ಕಣ್ಣು ಬಿತ್ತು. ಅದರ ಅಡ್ಡಳತೆಯೂ ಒಂದೇ ಮಿಲಿಮೀಟರ್. ಗುಂಡು ಗೋಡೆಗೆ ತಾಗಿದಾಗ ಯಂತ್ರಕ್ಕೆ ಸಿಗುವುದು ಗುಂಡಿನ ನಡುವಿನ ಜಾಗ. ಅಲ್ಲಿಂದ ಅರ್ಧ ಗುಂಡಿನಷ್ಟು ಲೋಹದ ಕಡೆಗೆ ಸರಿದರೆ ಗೋಡೆ. ಲೋಹ ಯಾವ ಕಡೆಗಿದೆ ಎಂದು ಅದಕ್ಕೆ ಹೇಳುವುದು ಮಾಡೆಲ್. ಪ್ರತಿ ಮುಖದ ಮೇಲೂ ಹೊರಕ್ಕೆ ಚಾಚಿದ ಒಂದು ಪುಟ್ಟ ಬಾಣವಿರಬೇಕು. ಬಾಣಗಳನ್ನು ಪರದೆಗೆ ತರಿಸಿದೆ. ಎಲ್ಲ ಮುಖಗಳಲ್ಲೂ ಹೊರಕ್ಕಿದ್ದವು. ಸುರುಳಿ ಗೋಡೆಯದು ಮಾತ್ರ ಲೋಹದೊಳಕ್ಕೆ ತಿರುಗಿಕೊಂಡಿತ್ತು. ತರ್ಜುಮೆಯಾಗಿ ಬರುವಾಗ ಆ ಒಂದು ಮುಖ ಮಗುಚಿ ಬಿದ್ದಿತ್ತು. ಹಾಳಾದ ಯಂತ್ರ ಅರ್ಧ ಗುಂಡಿನಷ್ಟು ಲೋಹದ ಕಡೆಗೆ ಸರಿಯುವ ಬದಲು ಆಚೆಗೆ ಸರಿಯುತ್ತಿತ್ತು; ಎರಡು ಅರ್ಧ ಸೇರಿ ಇಡೀ ಒಂದು ಮಿಲಿಮೀಟರ್ ತಪ್ಪು.

ಬಾಣವನ್ನು ತಿರುಗಿಸಿ ಮತ್ತೊಮ್ಮೆ ಅಳೆದೆ. ಸುರುಳಿ ಪೂರ್ತಿ ಹಸಿರು. ಭಾವ ಆರು ಎಂದೇ ಒತ್ತಿದ್ದರು.

ಕೋಣೆಯ ಬಾಗಿಲು ಹಾಕುವುದನ್ನೂ ಮರೆತು ಓಡಿದೆ. ಭಾವ ಒಂದು ಕವಚವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಪಕ್ಕದ ಟ್ರೇಯಲ್ಲಿ ಉಳಿದವು ಸಾಲಾಗಿ ಕೂತಿದ್ದವು. ಎಲ್ಲದರ ಸುರುಳಿಯಲ್ಲೂ ಆಗಷ್ಟೇ ಕೊರೆದ ಹೊಳಪು.

“ಮುಟ್ಬೇಡಿ ಅಂದಿದ್ನಲ್ಲ ಭಾವ.”

“ಅವನು ಮತ್ತೆ ಬಂದು ಎಲ್ಲರ ಮುಂದೆ ಅನ್ನೋದ್ರೊಳಗೆ ಮುಗಿಸ್ಬಿಡೋಣ ಅಂತ. ತಪ್ಪು ನಂದೇ ತಾನೆ. ಎಂಟೇ ಒತ್ತಿರ್ತೀನಿ.”

“ಇಲ್ಲ. ಮಾಡೆಲ್ ತಪ್ಪಾಗಿತ್ತು. ನೀವು ಆರೇ ಒತ್ತಿದ್ದಿದ್ದು. ಎಲ್ಲ ಸರಿಯಾಗಿತ್ತು.” ಈಗ ಒಂದೊಂದರಲ್ಲೂ ಒಂದು ಮಿಲಿಮೀಟರ್ ಹೆಚ್ಚಾಗಿ ಕೊರೆದಾಗಿತ್ತು.

ಅವರ ಕೈ ನಿಂತಿತು. ಕೆಟ್ಟುಹೋದ ಕವಚಗಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು. ಅಷ್ಟು ನಿರಾಳವಾದ ಭಾವನನ್ನು ನಾನು ಕಂಡು ಎಷ್ಟು ಕಾಲವಾಗಿತ್ತೋ.

“ಹಾಗಾದ್ರೆ ಸರಿಯಾಗೇ ಕಾಣಿಸಿತ್ತಾ ನಂಗೆ?”

ಆಚೆಯಿಂದ ಸೂಪರ್‌ವೈಸರ್ ನಮ್ಮ ಕಡೆಗೇ ಬರುತ್ತಿದ್ದ. ನನಗೆ ಅಳುವೂ ಬಂತು, ಕೋಪವೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

“ಹೂಂ ಭಾವ, ಸರಿಯಾಗೇ ಕಾಣಿಸಿತ್ತು,” ಎಂದೆ.